ಎಂಟು, ಒಂಬತ್ತು, ಹತ್ತು

ಅಣ್ಣನ ಮಗನ ಜೊತೆ ನನ್ನದೊಂದು ಹಳೇ ಜಗಳವಿದೆ. ಜಗತ್ತಿನ ಯಾವ ಮೂಲೆಯಲ್ಲಾದರೂ ಸರಿ, ಒಂದು ಫುಟ್‌ಬಾಲ್ ತಂಡ ಸಾಲಾಗಿ ಹತ್ತೋ ಹದಿನೈದೋ ಪಂದ್ಯ ಗೆದ್ದಿತೆಂದರೆ ಅವನಿಂದ ನನಗೊಂದು ಮೆಸೇಜು ಬರುತ್ತದೆ. ತಂಡದ ಹೆಸರು, ಒಂದು ಅಂಕಿ, ಪಕ್ಕದಲ್ಲಿ ನಾಲ್ಕು ಬೆಂಕಿಯ ಗುರುತು. ನಾನು ಪ್ರತಿ ಸಲ ಬರೆಯುವ ಉತ್ತರ ಒಂದೇ: “ಯಾರ ಮೇಲೆ?” 2024ರ ಮಾರ್ಚ್‌ನಲ್ಲಿ ಸೌದಿಯ ಅಲ್ ಹಿಲಾಲ್ ಸತತ 28ನೇ ಪಂದ್ಯ ಗೆದ್ದು ವಿಶ್ವದಾಖಲೆ ಮಾಡಿದಾಗಲೂ ಅದನ್ನೇ ಬರೆದೆ. ಆ ಓಟ ಮುಂದೆ 34ರವರೆಗೂ ಹೋಯಿತು. ಅವನಿಗೆ ರೇಗಿತು. “ಚಿಕ್ಕಪ್ಪ, ನಿನಗೆ ಖುಷಿ ಪಡೋದೇ ಬರಲ್ಲ ಬಿಡು. ಯಾರಾದ್ರೂ ಗುಡ್ಡ ಹತ್ತಿ ಬಂದ್ರೆ ನೀನು ಕೇಳೋದು, ಚಪ್ಪಲಿ ಯಾವ ಅಂಗಡೀದು ಅಂತ.”

ಮಾತು ಚೆನ್ನಾಗಿತ್ತು. ನಕ್ಕು ಸುಮ್ಮನಾದೆ. ಆದರೆ ರಾತ್ರಿ ದೀಪ ಆರಿಸಿದ ಮೇಲೆ ಅದೇ ಮಾತು ಕಾಲಿಗೆ ಹತ್ತಿದ ಮುಳ್ಳಿನ ಹಾಗೆ ಇರಿಯತೊಡಗಿತು. ಯಾಕೆಂದರೆ ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಗೆಲುವಿನ ಸಾಲು ಕಂಡರೆ ನನಗೆ ಮೊದಲು ಬರುವುದು ಅನುಮಾನ, ಮೆಚ್ಚುಗೆಯಲ್ಲ. ಈ ಅನುಮಾನ ಎಲ್ಲಿಂದ ಬಂತು ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಅದಕ್ಕೊಂದು ಗೋಡೆಯಿದೆ, ಆ ಗೋಡೆಯ ಮೇಲೆ ಸೀಮೆಸುಣ್ಣದ ಗೀಟುಗಳಿವೆ.

ಗೋಡೆಯ ಮೇಲಿನ ಗೀಟುಗಳು

ನಾನು ಓದಿದ್ದು ಮಲೆನಾಡಿನ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ. ಪಿ.ಟಿ. ಮೇಷ್ಟ್ರಿಗೆ ಫುಟ್‌ಬಾಲ್ ಹುಚ್ಚು. ಶನಿವಾರ ಬೆಳಗಿನ ಸ್ಕೂಲು ಮುಗಿದ ಮೇಲೆ ಸುತ್ತಲಿನ ಹಳ್ಳಿ ಶಾಲೆಗಳ ಹುಡುಗರನ್ನು ಕರೆಸಿ ಪಂದ್ಯ ಆಡಿಸುತ್ತಿದ್ದರು. ಆಟದ ಸಾಮಾನಿಡುವ ಕೋಣೆಯಲ್ಲಿ, ಗಾಳಿ ಹೋದ ಬ್ಲಾಡರುಗಳು ಮತ್ತು ತುಕ್ಕು ಹಿಡಿದ ಜಾವೆಲಿನ್ನಿನ ಪಕ್ಕ, ಗೆದ್ದ ಪಂದ್ಯಕ್ಕೊಂದರಂತೆ ಗೋಡೆಗೆ ಗೀಟು ಹಾಕುತ್ತಿದ್ದರು. ನಾಲ್ಕು ನೇರ, ಐದನೆಯದು ಅಡ್ಡ. ಒಂದು ವರ್ಷ ಅಲ್ಲಿ ಹನ್ನೊಂದು ಗೀಟು ಬಿದ್ದವು.

ಹನ್ನೊಂದು ಗೆಲುವು ಹೇಗೆ ಬಂದವು ಎಂದರೆ, ಎದುರಾಳಿಗಳು ಮೂರು ನಾಲ್ಕು ಮೈಲಿ ನಡೆದು ಬರುತ್ತಿದ್ದರು. ಬಂದವರು ಮೊದಲು ನಲ್ಲಿಯ ಹತ್ತಿರ ಹೋಗಿ ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದರು, ಆಮೇಲೆ ಆಡುತ್ತಿದ್ದರು. ಒಂದು ಸಲ ಎಂಟೇ ಜನ ಬಂದಿದ್ದರು. ಮೇಷ್ಟ್ರು ನಮ್ಮಲ್ಲೇ ಮೂವರನ್ನು ಆ ಕಡೆಗೆ ಕೊಟ್ಟು ಪಂದ್ಯ ನಡೆಸಿದರು. ಗೆದ್ದೆವು. ಅದೂ ಒಂದು ಗೀಟು. ಕೊಟ್ಟ ಮೂವರಲ್ಲಿ ಒಬ್ಬ ತನ್ನ ತಂಡದ ಮೇಲೆ ತಾನೇ ಸೋತ ಮೊದಲ ಆಟಗಾರ ಎಂದು ವರ್ಷವಿಡೀ ಹೇಳಿಕೊಂಡು ತಿರುಗುತ್ತಿದ್ದ.

ಏಳನೆಯ ಮತ್ತು ಎಂಟನೆಯ ಗೀಟಿನ ನಡುವೆ ಒಂದು ಪಂದ್ಯವಿತ್ತು. ತಾಲ್ಲೂಕು ಕೇಂದ್ರದ ಹುಡುಗರು ಬಸ್ಸಿನಲ್ಲಿ ಬಂದರು. ಕಾಲಿಗೆ ಬೂಟು ಹಾಕಿದ್ದರು. ನಾನು ಗೋಲ್‌ಕೀಪರ್, ಆರು ಗೋಲು ಬಿಟ್ಟೆ. ಕೊನೆಯದು ನನ್ನ ಕಾಲುಗಳ ನಡುವೆಯೇ ಹೋಯಿತು. ಮುಗಿದ ಮೇಲೆ ನಾವೆಲ್ಲ ತಲೆ ತಗ್ಗಿಸಿ ಕೋಣೆಗೆ ಬಂದರೆ ಮೇಷ್ಟ್ರು ಗೋಡೆಯನ್ನು ಒರೆಸಲೇ ಇಲ್ಲ. “ಅದು ಬರೀ ಪ್ರಾಕ್ಟೀಸು ಕಣ್ರೋ, ಲೆಕ್ಕಕ್ಕಿಲ್ಲ” ಎಂದರು. ಮುಂದಿನ ಶನಿವಾರ ಹಳ್ಳಿಯ ಹುಡುಗರು ನಡೆದು ಬಂದರು, ಎಂಟನೆಯ ಗೀಟು ಬಿತ್ತು. ಆಗಸ್ಟ್ 15ರಂದು ಹೆಡ್‌ಮಾಸ್ಟರು ಮೈಕಿನಲ್ಲಿ “ಸತತ ಹನ್ನೊಂದು ಪಂದ್ಯಗಳಲ್ಲಿ ಅಜೇಯವಾಗಿರುವ ನಮ್ಮ ತಂಡ” ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಆರು ಗೋಲು ಬಿಟ್ಟ ನಾನೇ.

ದೊಡ್ಡವರ ಗೋಡೆ

ಲೆಕ್ಕಕ್ಕೆ ಯಾವುದು ಸೇರಬೇಕು, ಯಾವುದು ಸೇರಬಾರದು ಎಂಬ ಮಾತು ನಮ್ಮೂರಿಗಷ್ಟೇ ಸೀಮಿತವಲ್ಲ ಎಂದು ಆಮೇಲೆ ತಿಳಿಯಿತು. ಇಂಗ್ಲೆಂಡಿನ ಆರ್ಸೆನಲ್‌ನ 49 ಪಂದ್ಯಗಳ ಅಜೇಯ ಓಟವನ್ನೇ ನೋಡಿ. 2003–04ರಲ್ಲಿ ಇಡೀ ಲೀಗ್ ಸೋಲದೆ ಮುಗಿಸಿದ ತಂಡ ಅದು. ಆ ಋತುವಿನ ಆಟ ನೋಡಿದವರು ಅದನ್ನು ಮರೆಯುವುದಿಲ್ಲ, ನಾನೂ ಮರೆತಿಲ್ಲ. ಆದರೆ ಅದೇ ಋತುವಿನಲ್ಲಿ ಅವರು ಲೀಗ್ ಕಪ್ ಸೆಮಿಫೈನಲ್ಲಿನಲ್ಲಿ ಮಿಡಲ್ಸ್‌ಬರೋಗೆ, ಎಫ್‌ಎ ಕಪ್ ಸೆಮಿಫೈನಲ್ಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್ಲಿನಲ್ಲಿ ಚೆಲ್ಸಿಗೆ ಸೋತರು. 49 ಎನ್ನುವುದು ಲೀಗಿನ ಗೋಡೆ. ಉಳಿದ ಸೋಲುಗಳು ಬೇರೆ ಕೋಣೆಯಲ್ಲಿವೆ. ಇನ್ನೊಂದು ಮಾತು. 2003ರ ಸೆಪ್ಟೆಂಬರಿನಲ್ಲಿ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಲೀಗ್ ಪಂದ್ಯ ಮುಗಿಯುವ ಹೊತ್ತಿಗೆ ಅವರ ವಾನ್ ನಿಸ್ಟೆಲ್‌ರಾಯ್ ಒದ್ದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿದು ವಾಪಸು ಬಂತು. ಒಂದು ಗೇಣು ಕೆಳಗಿದ್ದಿದ್ದರೆ 49 ಎಂಬ ಅಂಕಿಯೇ ಹುಟ್ಟುತ್ತಿರಲಿಲ್ಲ. ಮುಂದಿನ ವರ್ಷ ಅಕ್ಟೋಬರಿನಲ್ಲಿ ಅದೇ ಮೈದಾನದಲ್ಲಿ ಅದೇ ಮನುಷ್ಯ ಇನ್ನೊಂದು ಪೆನಾಲ್ಟಿ ಒದ್ದ. ಒಳಗೆ ಹೋಯಿತು. ಓಟಕ್ಕೆ ಬ್ರೇಕ್.

ಇಟಲಿಯದು ಇನ್ನೂ ವಿಚಿತ್ರ. 2018ರಿಂದ 2021ರವರೆಗೆ 37 ಪಂದ್ಯ ಸೋಲಲಿಲ್ಲ, ಆ ನಡುವೆ ಯುರೋ ಕಪ್ಪನ್ನೂ ಗೆದ್ದರು. ಆದರೆ ಆ ಕಪ್ಪಿನ ಸೆಮಿಫೈನಲ್ ಮತ್ತು ಫೈನಲ್ ಎರಡನ್ನೂ ಗೆದ್ದದ್ದು ಪೆನಾಲ್ಟಿ ಶೂಟೌಟಿನಲ್ಲಿ, ಅಂದರೆ ಆಟ ಸಮವಾದ ಮೇಲೆ ಒಬ್ಬೊಬ್ಬರಾಗಿ ಪೆನಾಲ್ಟಿ ಒದ್ದು. ಹಾಗೆ ಸಮವಾಗಿ ಶೂಟೌಟಿಗೆ ಹೋದ ಪಂದ್ಯ ದಾಖಲೆ ಪುಸ್ತಕದಲ್ಲಿ ಡ್ರಾ. ಅಲ್ಲಿ ಸೋತಿದ್ದರೂ 37 ಕದಲುತ್ತಿರಲಿಲ್ಲ. ಓಟ ನಿಂತ ಆರೇ ತಿಂಗಳಿಗೆ, 2022ರ ಮಾರ್ಚ್ 24ರಂದು, ಪಲೆರ್ಮೊದಲ್ಲಿ ಉತ್ತರ ಮೆಸಿಡೋನಿಯಾ ಎದುರು ಕೊನೆಯ ಗಳಿಗೆಯಲ್ಲಿ ಒಂದು ಗೋಲು ತಿಂದು ವಿಶ್ವಕಪ್ಪಿಗೇ ಹೋಗಲಿಲ್ಲ. ನಮ್ಮ ಕ್ರೀಡಾಪುಟಗಳು ಬಳಸುವ ‘ನಾಗಾಲೋಟ’ ಎಂಬ ಪದ ನನಗೆ ಇಷ್ಟ, ಆದರೆ ಅದು ದಾರಿ ತಪ್ಪಿಸುತ್ತದೆ. ಕುದುರೆ ಓಡುವಾಗ ಒಂದು ಹೆಜ್ಜೆಯ ವೇಗ ಮುಂದಿನ ಹೆಜ್ಜೆಗೆ ಸಿಗುತ್ತದೆ. ಫುಟ್‌ಬಾಲಿನಲ್ಲಿ ಪ್ರತಿ ಪಂದ್ಯವೂ ಸೊನ್ನೆ–ಸೊನ್ನೆಯಿಂದಲೇ ಶುರು.

ಹಳೇ ಲೆಕ್ಕದ ಪುಸ್ತಕದ ಹಿಂದೆ

ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ನಾನು ಗಣಿತದವನಲ್ಲ, ಮೊಬೈಲಿನ ಕ್ಯಾಲ್ಕುಲೇಟರು ಸಾಕಿತ್ತು. ಒಂದು ತಂಡ ಯಾವುದೇ ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ 50 ಎಂದಿಟ್ಟುಕೊಂಡರೆ, ಎಂಟು ಪಂದ್ಯ ಸಾಲಾಗಿ ಗೆಲ್ಲುವುದು 256ಕ್ಕೆ ಒಂದು ಸಲ. ನೂರಕ್ಕೆ 70 ಆದರೆ ಸುಮಾರು 17ಕ್ಕೆ ಒಂದು ಸಲ. ಈಗ ವೇಲ್ಸ್‌ನ ಲೀಗಿಗೆ ಹೋಗೋಣ. ಅಲ್ಲಿ ದಿ ನ್ಯೂ ಸೇಂಟ್ಸ್ ಎಂಬ ತಂಡವಿದೆ, 2016ರ ಕೊನೆಯಲ್ಲಿ ಸತತ 27 ಗೆದ್ದು 1971–72ರ ಡಚ್ ತಂಡ ಅಯಾಕ್ಸ್‌ನ 26ರ ದಾಖಲೆ ಮುರಿಯಿತು. ಅವರ ಆಟಗಾರರಿಗೆ ಫುಟ್‌ಬಾಲೇ ಪೂರ್ಣಾವಧಿ ಕೆಲಸ. ಎದುರಾಳಿಗಳಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡಿ ಸಂಜೆ ಪ್ರಾಕ್ಟೀಸಿಗೆ ಬರುವವರು. ಅಂಥ ಕಡೆ ಗೆಲ್ಲುವ ಸಾಧ್ಯತೆ ನೂರಕ್ಕೆ 90 ಎಂದುಕೊಂಡರೆ 27 ಗೆಲುವಿನ ಸಾಲಿಗೆ ಬರುವ ಉತ್ತರ ಎಷ್ಟು ಗೊತ್ತೇ? ಅದೂ ಸುಮಾರು 17ಕ್ಕೆ ಒಂದು. ಒಂದು ಕಡೆ ಎಂಟು, ಇನ್ನೊಂದು ಕಡೆ 27, ತೂಕ ಒಂದೇ. ಈ 70, 90 ನಾನು ಊಹಿಸಿಕೊಂಡ ಅಂಕಿಗಳು, ನಿಜ. ಆದರೂ ತಕ್ಕಡಿ ಎರಡೂ ಕಡೆ ಸಮ ನಿಂತಾಗ ಅಣ್ಣನ ಮಗನಿಗೆ ಫೋಟೊ ತೆಗೆದು ಕಳಿಸದೆ ಇರಲಾಗಲಿಲ್ಲ.

ಇನ್ನೂ ಒಂದಿದೆ. ಸಾಲು ಎಲ್ಲಿಂದ ಬೇಕಾದರೂ ಶುರುವಾಗಬಹುದು. 20 ಪಂದ್ಯಗಳ ಲೀಗಿನಲ್ಲಿ ಎಂಟರ ಸಾಲು ಆರಂಭವಾಗಲು 13 ಜಾಗಗಳಿವೆ. 11 ತಂಡಗಳಿದ್ದರೆ ಅಷ್ಟೂ ತಂಡಕ್ಕೆ ಅಷ್ಟಷ್ಟು ಜಾಗ. ಯಾರಿಗಾದರೂ ಒಬ್ಬರಿಗೆ ಎಲ್ಲಾದರೂ ಒಂದು ಕಡೆ ಸಾಲು ಬೀಳುವುದು ಅಂಥ ಅಪರೂಪವೇನಲ್ಲ. ಬಿದ್ದ ಮೇಲೆ ನಾವು ಅದರ ಸುತ್ತ ಗೆರೆ ಎಳೆದು ಹೆಸರಿಡುತ್ತೇವೆ. ಹಲಸಿನ ಮರದಲ್ಲಿ ಒಂದೇ ಕೊಂಬೆಗೆ ನಾಲ್ಕು ಕಾಯಿ ಬಿಟ್ಟರೆ ಆ ಕೊಂಬೆಯನ್ನು ಹೊಗಳಿದ ಹಾಗೆ.

ಫೋಟೊ ನೋಡಿದ ಹುಡುಗ ಒಂದೇ ಸಾಲು ಬರೆದ: “ಹಾಗಾದ್ರೆ ನಮ್ಮ ಎಂಟು?”

ನಮ್ಮ ಎಂಟು

ನಮ್ಮ ಎಂಟು ಎಂದರೆ 2023ರ ಜನವರಿ, ಫೆಬ್ರವರಿ. ಬೆಂಗಳೂರು ಎಫ್‌ಸಿ. ಓದುವವರಲ್ಲಿ ಹೆಚ್ಚಿನವರಿಗೆ ಇದು ನೆನಪಿರುತ್ತದೆ, ನೆನಪಿಲ್ಲದವರಿಗೆ ಇಷ್ಟು ಸಾಕು: ಇಂಡಿಯನ್ ಸೂಪರ್ ಲೀಗಿನ ಮೊದಲ 12 ಪಂದ್ಯಗಳಲ್ಲಿ ಮೂರು ಗೆಲುವು, ಒಂದು ಡ್ರಾ, ಎಂಟು ಸೋಲು. ಡಿಸೆಂಬರ್ ಕೊನೆಗೆ ಈಸ್ಟ್ ಬೆಂಗಾಲ್ ಎದುರು, ಹಿಂದೆ ನಮ್ಮಲ್ಲೇ ಆಡಿದ್ದ ಕ್ಲೀಟನ್ ಸಿಲ್ವಾನಿಂದಲೇ ಎರಡು ಗೋಲು ತಿಂದು ಸೋತಾಗ ನಾನಂತೂ ಆ ಋತುವಿಗೆ ಎಳ್ಳುನೀರು ಬಿಟ್ಟಿದ್ದೆ. ಆಮೇಲಿನ ಎಂಟಕ್ಕೆ ಎಂಟೂ ಗೆಲುವು. 34 ಅಂಕ, ನಾಲ್ಕನೇ ಸ್ಥಾನ.

ಆಗ ಹುಡುಗ ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ. ಪ್ರತಿ ಗೆಲುವಿಗೂ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಅಂಕಿ ಹಾಕುತ್ತಿದ್ದ. ಬೇರೇನೂ ಬರೆಯುತ್ತಿರಲಿಲ್ಲ. ನೀಲಿ ಹಿನ್ನೆಲೆಯಲ್ಲಿ ದೊಡ್ಡದಾಗಿ 4. ಕೆಲವು ದಿನ ಬಿಟ್ಟು 5. ಅತ್ತಿಗೆ ಊರಿಂದ ಫೋನು ಮಾಡಿ “ಅದೇನೋ ದಿನಾ ನಂಬರ್ ಹಾಕ್ತಾನಲ್ಲ, ಸಾಲಗೀಲ ಮಾಡ್ಕೊಂಡಿದಾನಾ ನೋಡು” ಎಂದಿದ್ದರು.

ನನ್ನ ಗೋಡೆಯ ಬುದ್ಧಿ ಆಗಲೂ ಕೆಲಸ ಮಾಡುತ್ತಿತ್ತು. ಯಾರ ಮೇಲೆ? ಸಾಲು ಶುರುವಾದದ್ದು ನಾರ್ತ್‌ಈಸ್ಟ್ ಯುನೈಟೆಡ್ ಮೇಲೆ, ಆ ವರ್ಷ 20 ಪಂದ್ಯಗಳಿಂದ ಬರೀ 5 ಅಂಕ ಗಳಿಸಿ ತಳದಲ್ಲಿ ಕೂತ ತಂಡ. ನಾವು ಎದೆ ತಟ್ಟಿಕೊಳ್ಳುವ ಗೆಲುವು ಯಾವುದು? ಫೆಬ್ರವರಿ 15ರಂದು ಕಂಠೀರವದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿದ್ದು. ಆ ಋತುವಿನಲ್ಲಿ ಮುಂಬೈ ಸತತ 11 ಗೆದ್ದಿತ್ತು, ನಮ್ಮೆದುರು ಬರುವಾಗ 18 ಪಂದ್ಯಗಳಿಂದ ಸೋತೇ ಇರಲಿಲ್ಲ. ಎರಡು ಓಟಗಳು ಒಂದೇ ಮೈದಾನದಲ್ಲಿ ಡಿಕ್ಕಿ ಹೊಡೆದ ರಾತ್ರಿ, ಉಳಿದದ್ದು ನಮ್ಮದು. ಆದರೆ ನಾಲ್ಕು ದಿನ ಮುಂಚೆ, 11ನೇ ತಾರೀಕು, ಗೋವಾವನ್ನು ಸೋಲಿಸಿ ಮುಂಬೈ ಲೀಗಿನ ಮೊದಲ ಸ್ಥಾನಕ್ಕೆ ಸಿಗುವ ಶೀಲ್ಡನ್ನು ತನ್ನದಾಗಿಸಿಕೊಂಡಿತ್ತು. ಕಂಠೀರವದಲ್ಲಿ ಅವರಿಗೆ ಗಳಿಸುವುದು ಏನೂ ಇರಲಿಲ್ಲ. ಮುಂದಿನ ಪಂದ್ಯವನ್ನೂ ಅವರು ಸೋತರು. ಇದನ್ನು ನಾನು ಹುಡುಗನಿಗೆ ಆ ರಾತ್ರಿಯೇ ಹೇಳಿದ್ದೆ. ಹೇಳಬಾರದಿತ್ತು.

ಹಾಗೆಂದು ತೂಗುವಾಗ ಇನ್ನೊಂದು ತಟ್ಟೆಗೂ ಹಾಕಬೇಕು. ವೇಲ್ಸ್‌ನ 27ರಲ್ಲಿ ಒಂದು ಪಂದ್ಯ ಡ್ರಾ ಆಗಿದ್ದರೂ ಆ ತಂಡಕ್ಕೆ ದಾಖಲೆ ತಪ್ಪುತ್ತಿತ್ತೇ ಹೊರತು ಲೀಗು ತಪ್ಪುತ್ತಿರಲಿಲ್ಲ. ನಮ್ಮವರದು ಹಾಗಲ್ಲ. ಮೊದಲ ಆರು ತಂಡಗಳಿಗೆ ಮಾತ್ರ ಲೀಗಿನ ಆಮೇಲೆ ಕಪ್ಪಿಗಾಗಿ ನಡೆಯುವ ಪ್ಲೇಆಫ್, 12 ಪಂದ್ಯದಿಂದ ಕೈಯಲ್ಲಿದ್ದದ್ದು 10 ಅಂಕ. ಒಂದೆರಡು ಕಡೆ ಎಡವಿದರೂ ಕಥೆ ಮುಗಿಯಿತು ಎನ್ನುವ ಸ್ಥಿತಿಯಲ್ಲಿ ಕೋಚ್ ಸೈಮನ್ ಗ್ರೇಸನ್ ಕೆಲವೊಮ್ಮೆ ಸುನಿಲ್ ಚೆಟ್ರಿಯನ್ನೇ ಬೆಂಚಿನಲ್ಲಿ ಕೂರಿಸಿ, ರಾಯ್ ಕೃಷ್ಣ ಜೊತೆಗೆ ಶಿವಶಕ್ತಿ ಎಂಬ ಎಳೆಯ ಹುಡುಗನನ್ನು ಇಳಿಸಿದರು. ಹಿಂದಿನ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಗೆದ್ದದ್ದೂ ಹೆಚ್ಚುಕಡಿಮೆ ಇದೇ ಗುಂಪು, ನಡುವೆ ಎಂಟು ಸೋತದ್ದೂ ಇದೇ ಗುಂಪು. ಅವರು ಎಂಟು ಸೋಲಿನಷ್ಟು ಕೆಟ್ಟವರೂ ಆಗಿರಲಿಲ್ಲ, ಎಂಟು ಗೆಲುವಿನಷ್ಟು ಒಳ್ಳೆಯವರೂ ಆಗಿರಲಿಲ್ಲ. ಅದನ್ನು ಈಗ, ಮನೆಯಲ್ಲಿ ಕೂತು, ಕಾಫಿ ಕುಡಿಯುತ್ತಾ ಬರೆಯುವುದು ಸುಲಭ.

ಒಂಬತ್ತನೆಯದು ಮಾರ್ಚ್ 3ರ ಪ್ಲೇಆಫ್, ಕೇರಳ ಬ್ಲಾಸ್ಟರ್ಸ್ ಮೇಲೆ. ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ ಫ್ರೀ ಕಿಕ್. ಕೇರಳದವರು ಚೆಂಡಿಗೆ ಅಡ್ಡವಾಗಿ ಸಾಲು ನಿಂತು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿದ್ದರು, ಚೆಟ್ರಿ ಚೆಂಡನ್ನು ಒದ್ದೇಬಿಟ್ಟರು. ನಾನು ಆ ಕ್ಷಣ ನೋಡಿದ್ದು ಪಕ್ಕದವರು ಚಾಚಿದ ಕಡಲೆಕಾಯಿ ಪೊಟ್ಟಣವನ್ನು. ತಲೆ ಎತ್ತಿದರೆ ಚೆಂಡು ಬಲೆಯಲ್ಲಿ, ಅರ್ಧ ಕ್ರೀಡಾಂಗಣ ಎದ್ದು ನಿಂತಿದೆ, ಇನ್ನರ್ಧ ನನ್ನ ಹಾಗೆಯೇ “ಏನಾಯ್ತು? ಗೋಲಾ?” ಎಂದು ಪಕ್ಕದವರನ್ನು ಕೇಳುತ್ತಿದೆ. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಆ ಗೋಲನ್ನು ಒಪ್ಪದೆ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ಅವರು ಹೋಗಿಯೇ ಬಿಟ್ಟರು. ನಮ್ಮವರು ಖಾಲಿ ಅರ್ಧ ಮೈದಾನದ ಎದುರು ಸುಮಾರು ಹೊತ್ತು ನಿಂತಿದ್ದರು, ಆಮೇಲೆ ಗೆಲುವು ಘೋಷಣೆಯಾಯಿತು. ಆ ಕೆಲಸಕ್ಕೆ ಫೆಡರೇಷನ್ ಮುಂದೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಎದುರಾಳಿ ಅರ್ಧಕ್ಕೇ ಎದ್ದುಹೋದ ಪಂದ್ಯಕ್ಕೆ ನಮ್ಮ ಪಿ.ಟಿ. ಮೇಷ್ಟ್ರು ಗೀಟು ಹಾಕುತ್ತಿದ್ದರೇ? ಖಂಡಿತ ಹಾಕುತ್ತಿದ್ದರು. ಎರಡು ಹಾಕುತ್ತಿದ್ದರೋ ಏನೋ.

ಸ್ಟೇಟಸ್: 9.

ಹತ್ತನೆಯದು ಮುಂಬೈಯಲ್ಲಿ, ಎರಡು ಪಂದ್ಯಗಳ ಗೋಲು ಕೂಡಿಸಿ ತೀರ್ಮಾನವಾಗುವ ಸೆಮಿಫೈನಲ್‌ನ ಮೊದಲ ಚರಣ. ಈ ಸಲ ಮುಂಬೈಗೆ ಗಳಿಸುವುದು ಬೇಕಾದಷ್ಟಿತ್ತು. ಬದಲಿ ಆಟಗಾರನಾಗಿ ಇಳಿದ ಚೆಟ್ರಿ ಒಂದು ಗೋಲು ಹೊಡೆದರು, 1–0. ಇಡೀ ಸಾಲಿನಲ್ಲಿ ನಾನು ಯಾವ ತಕರಾರೂ ತೆಗೆಯಲಾಗದ ಗೆಲುವು ಅದೊಂದೇ. ಹುಡುಗನಿಗೆ ಹಾಗೆಂದು ಹೇಳಿದೆ ಕೂಡ. ಅವನು ಅನುಮಾನದಿಂದ ನನ್ನ ಮುಖ ನೋಡಿದ.

ಬೇಕಿಲ್ಲದ ಗೋಲು

ನನ್ನ ವಾದಕ್ಕೆ ಬಿದ್ದ ದೊಡ್ಡ ಪೆಟ್ಟನ್ನು ಮುಚ್ಚಿಡಬಾರದು. ಅದು ಬಂದದ್ದು 2024ರ ಮೇ 9ರಂದು, ಜರ್ಮನಿಯಿಂದ. ಬೇಯರ್ ಲೆವರ್‌ಕುಸೆನ್ ಆ ಋತುವಿನಲ್ಲಿ ಸೋತೇ ಇರಲಿಲ್ಲ. ಯುರೋಪಾ ಲೀಗ್ ಸೆಮಿಫೈನಲ್‌ನಲ್ಲಿ ರೋಮಾ ಎದುರು ಮೊದಲ ಚರಣ 2–0 ಗೆದ್ದಿದ್ದರು. ಎರಡನೇ ಚರಣದಲ್ಲಿ, ತಮ್ಮದೇ ಮೈದಾನದಲ್ಲಿ, 0–2 ಹಿಂದೆ ಬಿದ್ದರು. 82ನೇ ನಿಮಿಷದಲ್ಲಿ ರೋಮಾದವರೇ ತಮ್ಮ ಬಲೆಗೆ ಒಂದು ಹೊಡೆದುಕೊಂಡರು. ಈಗ ಹಾಗೇ ಮುಗಿದರೂ ಒಟ್ಟು ಗೋಲುಗಳ ಲೆಕ್ಕದಲ್ಲಿ ಫೈನಲ್ಲಿಗೆ ಹೋಗುವುದು ಲೆವರ್‌ಕುಸೆನ್ನೇ. ಬೇರೆ ಯಾವ ತಂಡವಾದರೂ ಚೆಂಡನ್ನು ಮೂಲೆಗೆ ಒಯ್ದು ಹೊತ್ತು ಕಳೆಯುತ್ತಿತ್ತು. ಇವರು 97ನೇ ನಿಮಿಷದಲ್ಲಿ ಮುನ್ನುಗ್ಗಿದರು, ಸ್ಟಾನಿಸಿಚ್ ಗೋಲು ಹೊಡೆದ, 2–2. ಆ ಗೋಲು ಅವರಿಗೆ ಏನನ್ನೂ ಕೊಡಲಿಲ್ಲ. ಸೋಲದ ಪಂದ್ಯಗಳ ಲೆಕ್ಕ 49ಕ್ಕೆ ಹೋಯಿತು, 60ರ ದಶಕದ ಪೋರ್ಚುಗಲ್ ತಂಡ ಬೆನ್‌ಫಿಕಾದ ದಾಖಲೆ ಮುರಿಯಿತು, ಅಷ್ಟೇ. ಆದರೆ ಕ್ರೀಡಾಂಗಣ ಕಪ್ಪು ಗೆದ್ದವರ ಹಾಗೆ ಕಿರುಚಿತು. ಹುಡುಗ ವಿಡಿಯೊ ಕಳಿಸಿ ಕೆಳಗೆ ಬರೆದ: “ಯಾರ ಮೇಲೆ ಅಂತ ಕೇಳು ಈಗ.”

ನಾನು ಕೇಳಲಿಲ್ಲ. ಅಂಕಿಗೆ ತೂಕವಿಲ್ಲ ಎಂದು ನಾನು ಎಷ್ಟು ತೋರಿಸಿದರೂ, ಅಂಕಿಯನ್ನು ಕಾಯುವುದೇ ಒಂದು ಆಟವಾಗಿ, ಆಡುವವರ ಕಾಲಿಗೆ ಇಳಿದುಬಿಡುತ್ತದೆ ಎನ್ನುವುದು ಆ ವಿಡಿಯೊದಲ್ಲಿ ಕಣ್ಣಿಗೆ ಕಾಣುತ್ತಿತ್ತು. ಎರಡು ವಾರದಲ್ಲಿ, 51ಕ್ಕೆ ಮುಟ್ಟಿದ ಮೇಲೆ, ಡಬ್ಲಿನ್‌ನಲ್ಲಿ ಫೈನಲ್. ಅಟಲಾಂಟದ ಲುಕ್‌ಮನ್ ಒಬ್ಬನೇ ಮೂರು ಗೋಲು ಹೊಡೆದ. ಇಡೀ ಋತುವಿನಲ್ಲಿ ಒಂದೇ ಸೋಲು, ಅದೂ ಫೈನಲ್ಲಿನಲ್ಲಿ. ಅಂದು ನಾನೂ ಮೆಸೇಜು ಕಳಿಸಲಿಲ್ಲ, ಅವನೂ ಕಳಿಸಲಿಲ್ಲ.

ಮಾರ್ಚ್ 12

ನಮ್ಮ ಹತ್ತು ನಿಂತದ್ದು ಹೇಗೆ ಎಂಬುದು ನೆನಪಾದಾಗಲೆಲ್ಲ ನನಗೆ ನಗು ಬರುತ್ತದೆ. 2023ರ ಮಾರ್ಚ್ 12, ಭಾನುವಾರ, ಸೆಮಿಫೈನಲ್‌ನ ಎರಡನೇ ಚರಣ, ಕಂಠೀರವ. ನಾವಿಬ್ಬರೂ ಹೋಗಿದ್ದೆವು. ಓಟದ ಟ್ರ್ಯಾಕಿನ ಆಚೆ ಮೈದಾನ, ಅಲ್ಲಿಂದ ನೋಡಿದರೆ ಆಟಗಾರರ ಮುಖ ಕಾಣುವುದಿಲ್ಲ, ಓಡುವ ರೀತಿಯಿಂದಲೇ ಗುರುತು ಹಿಡಿಯಬೇಕು. ನಮ್ಮ ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕಿನ ಡೋಲು ನಿಂತದ್ದೇ ಇಲ್ಲ. ಮುಂಬೈ 2–1 ಮುನ್ನಡೆಯಿತು. ಎರಡೂ ಚರಣ ಸೇರಿ 2–2. ಹೆಚ್ಚುವರಿ ಅವಧಿಯಲ್ಲೂ ಅಷ್ಟೇ. ಆಮೇಲೆ ಶೂಟೌಟ್. ಒಬ್ಬರಾದ ಮೇಲೊಬ್ಬರು ಹೊಡೆಯುತ್ತಲೇ ಹೋದರು, ಯಾರೂ ತಪ್ಪಲಿಲ್ಲ. ಐದಾಯಿತು, ಆರಾಯಿತು, ಎಂಟಾಯಿತು. ಹುಡುಗ ಎದುರಿನ ಸೀಟಿನ ಬೆನ್ನು ಹಿಡಿದು ಕೂತಿದ್ದ, ನೋಡುತ್ತಿರಲಿಲ್ಲ, ನಾನು ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದ. ಮುಂಬೈಯ ಮೆಹ್ತಾಬ್ ಸಿಂಗ್ ಒದ್ದದ್ದನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದರು. ನಮ್ಮ ಝಿಂಗಾನ್ ಹೊಡೆದರು. 9–8.

ಆಮೇಲಿನದು ಸರಿಯಾಗಿ ನೆನಪಿಲ್ಲ. ಗುರುತಿಲ್ಲದ ಒಬ್ಬ ದೊಡ್ಡ ಮೀಸೆಯ ಯಜಮಾನರು ನನ್ನನ್ನು ತಬ್ಬಿಕೊಂಡು ಎತ್ತಿದರು, ನನ್ನ ಒಂದು ಚಪ್ಪಲಿ ಕೆಳಗಿನ ಸಾಲಿಗೆ ಹೋಯಿತು. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದವರೆಗೂ ರಸ್ತೆ ತುಂಬ ನೀಲಿ. ಟ್ರೇನಿನಲ್ಲಿ ಕೂರಲು ಜಾಗವಿರಲಿಲ್ಲ, ಕಂಬ ಹಿಡಿದು ನಿಂತಿದ್ದೆವು. ಮೆಜೆಸ್ಟಿಕ್ ದಾಟಿದ ಮೇಲೆ ಹುಡುಗ ಫೋನು ತೆಗೆದ. ನೀಲಿ ಹಿನ್ನೆಲೆ, 11 ಎಂದು ಒತ್ತಿದ. ಬೆರಳು ಅಲ್ಲೇ ನಿಂತಿತು.

“ಚಿಕ್ಕಪ್ಪ, ಇವತ್ತು ನಾವು ಸೋತ್ವಿ ಅಲ್ವಾ?”

“ಹೂಂ. 1–2. ಶೂಟೌಟು ಲೆಕ್ಕಕ್ಕಿಲ್ಲ.”

ಅವನು 11 ಅಳಿಸಿದ. 10 ಒತ್ತಿ ಅದನ್ನೂ ಅಳಿಸಿದ. ಮಾಗಡಿ ರೋಡು ಬಂತು, ಬಾಗಿಲು ತೆಗೆದುಕೊಂಡಿತು, ಡೋಲಿನ ಹುಡುಗರು ನಾಲ್ಕು ಜನ ಇಳಿದು ಪ್ಲಾಟ್‌ಫಾರ್ಮಿನಲ್ಲೇ ಬಡಿಯಲು ಶುರುಮಾಡಿದರು, ಸೆಕ್ಯುರಿಟಿಯವರು ಓಡಿಬಂದರು. ಬಾಗಿಲು ಮುಚ್ಚಿದ ಮೇಲೆ ನೋಡಿದರೆ ಅವನ ಸ್ಟೇಟಸ್ ಹೋಗಿಯಾಗಿತ್ತು. ಅಂಕಿ ಇರಲಿಲ್ಲ. ನನ್ನ ಒಂಟಿ ಚಪ್ಪಲಿಯ ಫೋಟೊ ಇತ್ತು.